ಅಶೋಕನಿಗೂ ಮೊದಲೇ ಮಸ್ಕಿ ಇತ್ತು

ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಯಾರನ್ನು ಕೇಳಿದರೂ ಮಸ್ಕಿ ಗೊತ್ತು. ‘ಅಶೋಕ’ ಎಂಬ ಹೆಸರು ಮೊಟ್ಟಮೊದಲು ಸಿಕ್ಕಿದ್ದು ಯಾವ ಶಾಸನದಲ್ಲಿ ಎಂಬ ಪ್ರಶ್ನೆಗೆ ಆ ಊರೇ ಉತ್ತರ. ಒಂದು ಅಂಕ ಬಂತು, ಮಸ್ಕಿಯ ಕೆಲಸ ಮುಗಿಯಿತು. ಆದರೆ ಆ ಪ್ರಶ್ನೆಯ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಪಾಟಲಿಪುತ್ರದಲ್ಲಿ ಕೂತ ಚಕ್ರವರ್ತಿ ಸಾವಿರ ಕಿಲೋಮೀಟರಿಗೂ ಆಚೆ, ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಬಂಡೆಯನ್ನೇ ಏಕೆ ಆರಿಸಿಕೊಂಡ? ಕೇಳುವ ಕಿವಿ ಇಲ್ಲದ ಕಡೆ ಯಾವ ರಾಜನೂ ಮಾತು ಕೆತ್ತಿಸುವುದಿಲ್ಲ. ಇಲ್ಲಿ ಆಗಲೇ ಜನ ಇದ್ದರು, ದನ ಇತ್ತು, ಬೆಳೆ ಇತ್ತು, ಕಬ್ಬಿಣವಿತ್ತು. ಆ ಜನರ ಕಥೆ ಅಶೋಕನ ಹೆಸರಿಗಿಂತ ದೊಡ್ಡದು. ವಯಸ್ಸಿನಲ್ಲಂತೂ ಸಾವಿರಾರು ವರ್ಷ ಹಿರಿದು.

ಮೊದಲು ಶಾಸನದ ವಿಷಯ ಹೇಳಿ ಮುಂದೆ ಹೋಗೋಣ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ್ದ. ದೇಶದ ನಾನಾ ಕಡೆ ಬಂಡೆ, ಕಂಬಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜನ ಮಾತುಗಳು ಸಿಗುತ್ತಿದ್ದವು. ಈ ರಾಜ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಲ್ಲಿ ಜಾರ್ಜ್ ಟರ್ನರ್ ತೋರಿಸಿಕೊಟ್ಟಿದ್ದ. ಆದರೆ ಶಾಸನದಲ್ಲೇ ಆ ಹೆಸರು ಕಣ್ಣಿಗೆ ಬಿದ್ದಿರಲಿಲ್ಲ. 1915ರ ಜನವರಿಯಲ್ಲಿ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ಮಸ್ಕಿಯ ಗುಡ್ಡದಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಒಂದು ಬಂಡೆಯ ಮೇಲೆ ಬರಹ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಪ್ರಾಕೃತ ಭಾಷೆಯ ಆ ಬರಹದಲ್ಲಿ ದೇವಾನಾಂಪ್ರಿಯನ ಜೊತೆಗೇ ಅಶೋಕ ಎಂಬ ಹೆಸರು ಇತ್ತು. ಎಂಬತ್ತು ವರ್ಷಗಳ ಊಹೆಗೆ ಕಲ್ಲಿನ ಸಾಕ್ಷಿ ಸಿಕ್ಕಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲೂ ಆ ಹೆಸರು ಕಂಡಿತು. ಮೊದಲನೆಯದೆಂಬ ಕೀರ್ತಿ ಮಾತ್ರ ಮಸ್ಕಿಯದೇ.

ಬೀಡನ್ ಆ ಗುಡ್ಡಕ್ಕೆ ಹೋಗಿದ್ದು ಶಾಸನ ಹುಡುಕಿಕೊಂಡು ಅಲ್ಲ, ಚಿನ್ನ ಹುಡುಕಿಕೊಂಡು. ಈ ಸೀಮೆಯಲ್ಲಿ ಚಿನ್ನವಿದೆ ಎಂದು ಆಧುನಿಕ ಕಾಲದವರಿಗೆ ಸುಳಿವು ಕೊಟ್ಟಿದ್ದು ಹಿಂದಿನವರು ತೋಡಿ ಬಿಟ್ಟುಹೋದ ಗುಂಡಿಗಳು. ಅಂದರೆ ಅಶೋಕನ ಹೆಸರು ಬೆಳಕಿಗೆ ಬಂದದ್ದೂ ಈ ನೆಲದ ಹೆಸರಿಲ್ಲದ ದುಡಿಮೆಗಾರರ ಜಾಡು ಹಿಡಿದು ಹೊರಟಾಗಲೇ. ಆ ಜಾಡಿನಲ್ಲೇ ಇನ್ನೂ ಹಿಂದಕ್ಕೆ ಹೋಗೋಣ.

ಹಿಂದಕ್ಕೆ ಹೋದರೆ ಮೊದಲು ಕಾಲಿಗೆ ತಾಗುವುದು ಬೂದಿ. ರಾಯಚೂರು, ಬಳ್ಳಾರಿ, ಕೊಪ್ಪಳ, ಯಾದಗಿರಿ ಸೀಮೆಯಲ್ಲಿ ಅಲ್ಲಲ್ಲಿ ಬೂದಿ ದಿಬ್ಬಗಳಿವೆ. ಈತನಕ ನೂರಕ್ಕೂ ಹೆಚ್ಚು ಗುರುತಾಗಿವೆ. ಕೆಲವು ಎರಡಾಳು ಎತ್ತರಕ್ಕೂ ಮೀರಿವೆ. ಇಷ್ಟು ಬೂದಿ ಎಲ್ಲಿಂದ ಬಂತು ಎಂಬುದಕ್ಕೆ ಜನ ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ, ಇನ್ನು ಕೆಲವು ಕಡೆ ರಕ್ಕಸರನ್ನು ಸುಟ್ಟದ್ದು ಎನ್ನುತ್ತಾರೆ. 19ನೇ ಶತಮಾನದಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿ ಎಂದು ಹೇಳಿದ. ಹಲವರು ಒಪ್ಪಲಿಲ್ಲ. ಕಬ್ಬಿಣ ಕರಗಿಸಿದ ಕಿಟ್ಟ ಇರಬೇಕು ಎಂದರು, ಜ್ವಾಲಾಮುಖಿಯ ಮಾತೂ ಬಂತು. ಕೊನೆಗೆ ಪ್ರಯೋಗಾಲಯದ ಪರೀಕ್ಷೆ ಫೂಟ್ ಹೇಳಿದ್ದನ್ನೇ ಹೇಳಿತು.

ಬೂದಿ ದಿಬ್ಬವೊಂದನ್ನು ಕಡಿದು ನಿಲ್ಲಿಸಿದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಅದು ಪದರ ಪದರವಾಗಿ ಕಾಣುತ್ತದೆ. ಮೆತ್ತನೆಯ ಬೂದು ಪದರ, ಅದರ ಮೇಲೆ ಸುಡದೆ ಕೊಳೆತ ಸಗಣಿಯ ಕಂದು ಪದರ, ಅದರ ಮೇಲೆ ಗಾಜಿನಂತೆ ಕರಗಿ ಗಟ್ಟಿಯಾದ, ತೂತು ತೂತಾದ ಕಿಟ್ಟದ ಪದರ. ಮತ್ತೆ ಬೂದಿ. ಸಗಣಿ ಕರಗಿ ಗಾಜಾಗಬೇಕಾದರೆ ಸಾಮಾನ್ಯ ಬೆಂಕಿ ಸಾಲದು. ವರ್ಷಗಟ್ಟಲೆ ಶೇಖರವಾದ ರಾಶಿಗೆ ಬೇಕೆಂದೇ ಬೆಂಕಿ ಹಚ್ಚಿ ದಿನಗಟ್ಟಲೆ ಉರಿಸಿದಾಗ ಮಾತ್ರ ಅಷ್ಟು ಕಾವು ಹುಟ್ಟೀತು. ಒಂದು ಸಲ ಸುಟ್ಟು ಬಿಟ್ಟದ್ದಲ್ಲ, ತಲೆಮಾರುಗಳ ಕಾಲ ಅದೇ ಜಾಗದಲ್ಲಿ ದನ ಕಟ್ಟಿ, ಅದೇ ಜಾಗದಲ್ಲಿ ಸುಟ್ಟು, ಅದರ ಮೇಲೇ ಮತ್ತೆ ದನ ಕಟ್ಟಿದ್ದಾರೆ. ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ವರ್ಷಾನುಗಟ್ಟಲೆ ಅಗೆದು, ದನದ ದೊಡ್ಡಿಯ ಪಕ್ಕದಲ್ಲೇ ಜನರ ಮನೆಗಳೂ ಇದ್ದುದನ್ನು ತೋರಿಸಿದರು. ಏಕೆ ಸುಡುತ್ತಿದ್ದರು? ರೋಗರುಜಿನ ದೂರವಿಡಲು ಎನ್ನುವವರಿದ್ದಾರೆ. ಹಬ್ಬದ ಆಚರಣೆ ಎನ್ನುವವರೂ ಇದ್ದಾರೆ. ದೂರಕ್ಕೆ ಕಾಣುವ ಹಾಗೆ ದಿಬ್ಬ ಎಬ್ಬಿಸುವುದೇ ಆ ಜನಕ್ಕೆ ಸ್ಮಾರಕ ಕಟ್ಟುವ ಬಗೆಯಾಗಿತ್ತು ಎಂಬ ವಾದವೂ ಇದೆ. ಗೋಪುರವಿಲ್ಲದ ಕಾಲದಲ್ಲಿ, ಬಯಲಿನಲ್ಲಿ ಎದ್ದ ಈ ದಿಬ್ಬಗಳೇ ಈ ನಾಡಿನ ಮೊದಲ ಕಟ್ಟೋಣಗಳು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಈ ದನಗಾಹಿಗಳ ಊರುಗಳಲ್ಲಿ ಒಂದು ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ಲಿನ ಹತ್ತಿರ ಇರುವ ಪಿಕ್ಲಿಹಾಳ. ಮುದಗಲ್ ಎಂದರೆ ನಮಗೆ ಕೋಟೆ ನೆನಪಾಗುತ್ತದೆ, ವಿಜಯನಗರ–ಬಹಮನಿ ಕಾದಾಟ ನೆನಪಾಗುತ್ತದೆ. ಅದರ ಪಕ್ಕದ ಗುಡ್ಡಗಳಲ್ಲಿ ಆಲ್ಚಿನ್ 1952ರಲ್ಲಿ ಅಗೆದಾಗ ಸಿಕ್ಕಿದ್ದು ರಾಜರಿಲ್ಲದ ಒಂದು ಲೋಕ. ಗುಡ್ಡದ ಇಳಿಜಾರನ್ನು ಮಟ್ಟ ಮಾಡಿ, ಕಲ್ಲುಬಂಡೆಗಳ ಆಸರೆಯಲ್ಲಿ ಬದುಕಿದ ಜನ ಅವರು. ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು, ಬೂದು ಬಣ್ಣದ ಮಡಕೆಗಳು, ಬೀಸುವ ಕಲ್ಲುಗಳು ಸಿಕ್ಕವು. ಬಂಡೆಗಳ ಮೇಲೆ ಚಿತ್ರಗಳಿವೆ. ಕುಟ್ಟಿ ಮೂಡಿಸಿದ ಆ ಚಿತ್ರಗಳಲ್ಲಿ ಎದ್ದು ಕಾಣುವುದು ಡುಬ್ಬ ಇರುವ, ಉದ್ದ ಕೋಡಿನ ಎತ್ತು. ಈ ಜನ ಯಾವುದನ್ನು ಐಶ್ವರ್ಯ ಎಂದುಕೊಂಡಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಸ್ಕಿಯಲ್ಲೂ ಇದೇ ಬದುಕು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1930ರ ದಶಕದಲ್ಲೇ ಇಲ್ಲಿ ಅಗೆದಿತ್ತು. 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬಿ.ಕೆ. ಥಾಪರ್ ಪದರಗಳನ್ನು ಅಚ್ಚುಕಟ್ಟಾಗಿ ಬಿಡಿಸಿ, ಮಸ್ಕಿಯ ನೆಲದಲ್ಲಿ ನಾಲ್ಕು ಕಾಲಘಟ್ಟಗಳಿವೆ ಎಂದು ಗುರುತಿಸಿದರು. ತೀರಾ ಕೆಳಗೆ ನವಶಿಲಾಯುಗ ಮತ್ತು ತಾಮ್ರಶಿಲಾಯುಗದ ಜನ. ಕಲ್ಲಿನ ಸಣ್ಣ ಅಲಗುಗಳು, ಕಾರ್ನೀಲಿಯನ್, ಅಗೇಟ್, ಚಿಪ್ಪಿನ ಮಣಿಗಳು, ತುಸು ತಾಮ್ರ, ದನ, ಎಮ್ಮೆ, ಆಡು, ಕುರಿಗಳ ಎಲುಬು. ಅದರ ಮೇಲೆ ಕಬ್ಬಿಣ ಮತ್ತು ಬೃಹತ್ ಶಿಲಾ ಸಮಾಧಿಗಳ ಕಾಲ. ಅದರ ಮೇಲೆ ಚಾರಿತ್ರಿಕ ಕಾಲ, ತೀರಾ ಮೇಲೆ ಮಧ್ಯಯುಗ. ಅಶೋಕನ ಹೆಸರು ಈ ನಾಲ್ಕು ಪದರಗಳಲ್ಲಿ ಮೂರನೆಯದರ ಬಾಗಿಲಲ್ಲಿ ಬರುತ್ತದೆ. ಅವನ ಕೆಳಗೆ ಎರಡು ಪದರಗಳಷ್ಟು ಜನ ಆಗಲೇ ಬದುಕಿ ಹೋಗಿದ್ದರು.

ಅವರು ತಿಂದದ್ದೇನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈಚೆಗೆ. ಅಗೆದ ಮಣ್ಣನ್ನು ನೀರಿನಲ್ಲಿ ತೇಲಿಸಿದರೆ ಸುಟ್ಟು ಕರಿಯಾದ ಕಾಳುಗಳು ಮೇಲೆ ಬರುತ್ತವೆ. ಈ ಬಗೆಯಲ್ಲಿ ಬಳ್ಳಾರಿ ಸುತ್ತಿನ ಮತ್ತು ದಖ್ಖನ್ನಿನ ನವಶಿಲಾಯುಗದ ಊರುಗಳನ್ನು ಪರೀಕ್ಷಿಸಿದ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಒಂದು ಸಣ್ಣ ಧಾನ್ಯ. ಗೋಧಿ, ಜವೆಗೋಧಿ ಆಮೇಲೆ ಬಂದವು, ಅದೂ ಅಲ್ಪ. ಅಂದರೆ ದಕ್ಷಿಣ ಭಾರತದ ಬೇಸಾಯ ಯಾರಿಂದಲೋ ಎರವಲು ತಂದದ್ದು ಮಾತ್ರವಲ್ಲ. ಇಲ್ಲಿನ ಜನ ಇಲ್ಲಿನ ಕಾಡು ಕಾಳುಗಳನ್ನೇ ಪಳಗಿಸಿ ಹೊಲಕ್ಕೆ ತಂದರು. ಮಳೆ ಕೈಕೊಡುವ ಸೀಮೆಯಲ್ಲಿ ಕಡಿಮೆ ನೀರಿಗೆ, ಕಡಿಮೆ ದಿನಕ್ಕೆ ಕೈಗೆ ಬರುವ ಬೆಳೆ ಯಾವುದೆಂದು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಅವರಿಗೆ ಗೊತ್ತಿತ್ತು. ಇಂದು ‘ಸಿರಿಧಾನ್ಯ’ ಎಂಬ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರುವ ಕೊರಲೆ ಅವರ ದಿನನಿತ್ಯದ ಊಟ.

ಅವರ ಮನಸ್ಸಿನ ಬಗ್ಗೆಯೂ ಮಣ್ಣು ಸ್ವಲ್ಪ ಹೇಳುತ್ತದೆ. ರಾಯಚೂರು ಜಿಲ್ಲೆಯ ವಟಗಲ್ಲಿನಲ್ಲಿ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ, ಇನ್ನೂ ಹಲವು ಕಡೆ ತೀರಿಕೊಂಡ ಹಸುಗೂಸುಗಳನ್ನು ಮಡಕೆಯೊಳಗೆ ಇಟ್ಟು ಹೂಳುತ್ತಿದ್ದರು. ಎಷ್ಟೋ ಸಲ ಊರಿನಾಚೆಯ ಮಸಣದಲ್ಲಲ್ಲ, ತಾವು ವಾಸಿಸುವ ಜಾಗದಲ್ಲೇ. ಅಕ್ಷರ ಬಾರದ, ಹೆಸರು ಉಳಿಯದ ಆ ತಾಯಿತಂದೆಯರನ್ನು ‘ಆದಿಮಾನವರು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಪಠ್ಯಪುಸ್ತಕದ ರೂಢಿಯನ್ನು ನಾವು ಬಿಡಬೇಕು.

ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಕಬ್ಬಿಣ ಬಂತು. ಅದರ ಜೊತೆಗೆ ಊರಿನ ಚಹರೆಯೇ ಬದಲಾಯಿತು. ಸತ್ತವರಿಗೆ ದೊಡ್ಡ ಕಲ್ಲುಗಳ ಸಮಾಧಿ ಕಟ್ಟುವುದು ಶುರುವಾಯಿತು. ಮಸ್ಕಿಯಿಂದ ದಕ್ಷಿಣಕ್ಕೆ ಹೋದರೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂಥ ನೂರಾರು ಕಲ್ಮನೆಗಳು ಒಟ್ಟಿಗೇ ನಿಂತಿವೆ. ಸುತ್ತಲಿನ ಜನ ಅವನ್ನು ಮೊರೇರ ಮನೆಗಳು ಎಂದು ಕರೆಯುತ್ತಾರೆ. 2021ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಎಲ್ಲರಿಗೂ ಇಂಥ ಸಮಾಧಿ ಸಿಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆಲವರ ಸಾವಿಗೆ ಊರೇ ಸೇರಿ ಕಲ್ಲೆಬ್ಬಿಸುವುದು, ಉಳಿದವರ ಸಾವು ಗುರುತಿಲ್ಲದೆ ಹೋಗುವುದು ಎಂದರೆ ಮೇಲು ಕೀಳು ಬೇರೂರುತ್ತಿತ್ತು ಎಂದೇ ಅರ್ಥ.

2010ರ ಸುಮಾರಿನಿಂದ ಸ್ಟ್ಯಾನ್‌ಫರ್ಡ್‌ನ ಆಂಡ್ರ್ಯೂ ಬಾವರ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪೀಟರ್ ಜೊಹಾನ್ಸನ್ ಭಾರತೀಯ ವಿದ್ವಾಂಸರ ಜೊತೆಗೂಡಿ ಮಸ್ಕಿ ಸುತ್ತಿನ ಪ್ರದೇಶವನ್ನು ಕಾಲ್ನಡಿಗೆಯಲ್ಲಿ ಶೋಧಿಸುತ್ತ ಬಂದಿದ್ದಾರೆ. ಒಂದೇ ಗುಂಡಿ ತೋಡುವ ಬದಲು ಹೊಲ, ಗುಡ್ಡ, ಹಳ್ಳದ ದಂಡೆ ಎಲ್ಲವನ್ನೂ ಸಾಲು ಹಿಡಿದು ನಡೆದು ಮಡಕೆ ಚೂರು, ಕಿಟ್ಟ, ಸಮಾಧಿ, ಗೋಡೆ, ನೀರಿನ ಹೊಂಡಗಳನ್ನು ನಕ್ಷೆಗೆ ಇಳಿಸುವ ಕೆಲಸ ಇದು. ಇಂಥ ಶೋಧನೆಗಳು ಈ ಸೀಮೆಯಲ್ಲಿ ಎತ್ತಿ ತೋರಿಸಿದ ಒಂದು ಸಂಗತಿ ನೀರಿನದು. ಬಂಡೆಗಳ ನಡುವಿನ ತಗ್ಗುಗಳಿಗೆ ಕಲ್ಲಿನ ಅಡ್ಡಕಟ್ಟೆ ಹಾಕಿ, ಮಳೆನೀರು ನಿಲ್ಲುವ ಹಾಗೆ ತಿದ್ದಿದ ಹೊಂಡಗಳು ಸಮಾಧಿಗಳ ಬಳಿ, ಗುಡ್ಡದ ವಸತಿಗಳ ಬಳಿ ಕಾಣುತ್ತವೆ. ಕೆರೆ ಕಟ್ಟಿಸಿದ ಪುಣ್ಯವನ್ನು ಶಾಸನಗಳಲ್ಲಿ ರಾಜರಿಗೆ, ದಂಡನಾಯಕರಿಗೆ ಬರೆದಿದ್ದಾರೆ. ನೀರು ಹಿಡಿಯುವ ವಿದ್ಯೆ ಅವರಿಗಿಂತ ಸಾವಿರ ವರ್ಷ ಮೊದಲೇ ಈ ಗುಡ್ಡಗಳ ಜನಕ್ಕೆ ತಿಳಿದಿತ್ತು.

ಇನ್ನು ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ. ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ ಇದೇ. ಇಲ್ಲಿ ಆಧುನಿಕ ಗಣಿಗಾರರು ಇಳಿದಾಗ ಹಳಬರ ಸುರಂಗಗಳು 600 ಅಡಿಗೂ ಆಳಕ್ಕೆ ಹೋಗಿದ್ದು ಕಂಡಿತು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ವಿಧಾನದಲ್ಲಿ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಳೆಯವು ಎಂದು ತಿಳಿಯಿತು. ಸಿಡಿಮದ್ದು ಇಲ್ಲದ ಕಾಲ ಅದು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಡಿಸಿ, ಉಳಿಯಲ್ಲಿ ಒಡೆದು ಇಳಿಯಬೇಕಿತ್ತು. ಗಾಳಿಯಾಡದ ಆ ಆಳದಲ್ಲಿ ಹೊಗೆ ಕುಡಿಯುತ್ತ ದುಡಿದವರು ಎಷ್ಟು ಜನ ಮೇಲೆ ಬರದೇ ಉಳಿದರೋ. ಚಿನ್ನ ಯಾರ ಕೊರಳಿಗೆ ಹೋಯಿತು ಎಂಬುದು ಚರಿತ್ರೆಯಲ್ಲಿ ಬಂದಿದೆ, ಅದನ್ನು ಹೊತ್ತು ತಂದವರು ಬಂದಿಲ್ಲ.

ಈಗ ಅಶೋಕನ ಬಂಡೆಗೆ ಮರಳಿದರೆ ಅದು ಬೇರೆಯಾಗಿಯೇ ಕಾಣುತ್ತದೆ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉದೇಗೋಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಸನ್ನತಿ: ಅಶೋಕನ ಶಾಸನಗಳು ಇಷ್ಟು ಒತ್ತೊತ್ತಾಗಿ ಸಿಗುವ ಕಡೆ ದೇಶದಲ್ಲಿ ಕಡಿಮೆ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿ ಎಂಬಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳ ಹೆಸರಲ್ಲಿ ಹೊರಟ ಆಜ್ಞೆ. ಆ ಸುವರ್ಣಗಿರಿ ಮಸ್ಕಿಯೋ, ಕನಕಗಿರಿಯೋ, ಆಂಧ್ರದ ಜೊನ್ನಗಿರಿಯೋ ಎಂಬ ಚರ್ಚೆ ಇನ್ನೂ ಇದೆ. ಮೂರರಲ್ಲಿ ಯಾವುದೇ ಆಗಲಿ, ಮೌರ್ಯರ ಕಣ್ಣು ಈ ಸೀಮೆಯ ಚಿನ್ನದ ಮೇಲೆ, ದಾರಿಗಳ ಮೇಲೆ, ಜನವಸತಿಯ ಮೇಲೆ ಬಿದ್ದಿತ್ತು ಎಂಬುದು ಸ್ಪಷ್ಟ. ಮಸ್ಕಿಯ ಶಾಸನದ ತಿರುಳು ಕೂಡ ಆ ಜನರನ್ನೇ ಉದ್ದೇಶಿಸಿದ್ದು: ಧರ್ಮದ ದಾರಿಯಲ್ಲಿ ನಡೆದರೆ ಸಣ್ಣವನೂ ಮೇಲಿನ ಸ್ಥಿತಿಗೆ ಏರಬಲ್ಲ, ಅದು ದೊಡ್ಡವರ ಸ್ವತ್ತಲ್ಲ. ಅಷ್ಟು ಹೊತ್ತಿಗೆ ದೊಡ್ಡವರು, ಸಣ್ಣವರು ಎಂಬ ಭೇದ ಇಲ್ಲಿನ ಸಮಾಧಿಗಳಲ್ಲಿ ತಲೆಮಾರುಗಳಿಂದ ಕಾಣುತ್ತಿತ್ತು. ಆ ಭೇದ ಬಲ್ಲ ಜನರ ನಡುವೆ ಈ ಮಾತನ್ನು ಕಲ್ಲಿನಲ್ಲಿ ಬರೆಸಿದ್ದರಿಂದಲೇ ಅದಕ್ಕೆ ತೂಕ.

ಹೆಸರು ಉಳಿಯದ ಇಂಥ ಜನರ ಚರಿತ್ರೆ ಇಂದು ಯಾರ ಕೈಯಲ್ಲಿರಬೇಕು? ಇದೇ ಪ್ರಶ್ನೆ ಎದುರಿಸಿದ ಇನ್ನೊಂದು ಒಣನೆಲದ ಕಥೆ ಅಮೆರಿಕದ ನೈಋತ್ಯ ಭಾಗದ್ದು. ಅಲ್ಲಿನ ಮರುಭೂಮಿಯಲ್ಲಿ ಪ್ಯೂಬ್ಲೋ ಜನರ ಪೂರ್ವಜರು ಮೆಕ್ಕೆಜೋಳ, ಬೀನ್ಸ್, ಕುಂಬಳದ ಜಾತಿಯ ಕಾಯಿ ಬೆಳೆದು, ಚಾಕೋ ಕಣಿವೆಯಲ್ಲಿ ನೂರಾರು ಕೋಣೆಗಳ ಕಲ್ಲಿನ ಬೃಹತ್ ಕಟ್ಟಡಗಳನ್ನು ಎಬ್ಬಿಸಿದರು. ಮೀಸಾ ವರ್ಡೆಯಲ್ಲಿ ಕಡಿದಾದ ಬಂಡೆಯ ಪೊಟರೆಗಳಲ್ಲಿ ಊರು ಕಟ್ಟಿದರು. 13ನೇ ಶತಮಾನದ ಕೊನೆಯಲ್ಲಿ, 1276ರಿಂದ 1299ರವರೆಗೆ ಭಾರೀ ಬರ ಬಿತ್ತು. ಮರದ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ ವಿಜ್ಞಾನಿಗಳು ಈ ಲೆಕ್ಕ ಹೇಳಿದ್ದಾರೆ. ಜನ ಮೀಸಾ ವರ್ಡೆಯ ಊರುಗಳನ್ನು ಬಿಟ್ಟು ನಡೆದರು. ಬಹುಕಾಲ ಅವರನ್ನು ‘ಮಾಯವಾದ ಜನಾಂಗ’ ಎಂದೇ ಬರೆದರು. ಅವರು ಮಾಯವಾಗಿರಲಿಲ್ಲ. ಹೋಪಿ, ಝುನಿ, ಅಕೋಮಾ, ಟಾವೋಸ್ ಮುಂತಾದ ಊರುಗಳಲ್ಲಿ ಅವರ ಮಕ್ಕಳು ಮರಿಮಕ್ಕಳು ಇಂದಿಗೂ ಬದುಕಿದ್ದಾರೆ. ತಮ್ಮ ಹಿರಿಯರ ಎಲುಬು, ಪೂಜೆಯ ವಸ್ತುಗಳು ಮ್ಯೂಸಿಯಂಗಳ ಕಪಾಟಿನಲ್ಲಿ ಇರುವುದನ್ನು ಅವರು ಪ್ರಶ್ನಿಸಿದರು. 1990ರಲ್ಲಿ ಅವನ್ನು ಮೂಲ ಸಮುದಾಯಗಳಿಗೆ ಮರಳಿಸುವ ಕಾನೂನು ಬಂತು. ಇಂದು ಹೋಪಿ, ಝುನಿ ಜನ ತಮ್ಮ ಪರಂಪರೆ ನೋಡಿಕೊಳ್ಳಲು ತಮ್ಮದೇ ಕಚೇರಿ ಇಟ್ಟುಕೊಂಡಿದ್ದಾರೆ. ಆ ನೆಲ ಅಗೆಯುವವರು ಅವರ ಮಾತು ಕೇಳಿಯೇ ಮುಂದೆ ಹೋಗಬೇಕಾದ ದಿನ ಬಂದಿದೆ.

ಕೃಷ್ಣಾ–ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿನ ಸ್ಥಿತಿ ಸ್ವಲ್ಪ ಬೇರೆ. ಬೂದಿ ದಿಬ್ಬ ಕಟ್ಟಿದವರು ನಮ್ಮ ಹಿರಿಯರು ಎಂದು ಒಂದೇ ಸಮುದಾಯ ಹೇಳಿಕೊಳ್ಳುವ ಹಾಗಿಲ್ಲ. ಇದು ಯಾವತ್ತೂ ಬಂದವರನ್ನು ಸೇರಿಸಿಕೊಂಡ ನೆಲ. ಮೌರ್ಯರು ಬಂದರು, ಚಾಲುಕ್ಯರು ಬಂದರು, ಎಡೆದೊರೆಗಾಗಿ ಚೋಳರು ಯುದ್ಧ ಮಾಡಿದರು, ಕೊನೆಗೆ ನಿಜಾಮರ ಆಳ್ವಿಕೆ. ನಮ್ಮ ಕಾಲದಲ್ಲೇ ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ಕಂಡರು. ಹಾಗಾಗಿ ಇಲ್ಲಿ ವಾರಸುದಾರಿಕೆ ರಕ್ತದ್ದಲ್ಲ, ನೆಲದ್ದು. ಇಲ್ಲಿ ಉಳುವವರು, ಕುರಿ ಮೇಯಿಸುವವರು, ಗಣಿಯಲ್ಲಿ ಇಳಿಯುವವರು ಎಲ್ಲರೂ ವಾರಸುದಾರರೇ. ಹಾಗೆಂದು ಅವರಿಗೆ ಯಾರೂ ಹೇಳಿಲ್ಲ ಎಂಬುದೇ ನನ್ನ ಸಂಕಟ.

ಹೇಳುವುದಿರಲಿ, ಇಲ್ಲಿ ಸಿಕ್ಕ ಜ್ಞಾನವೂ ಇಲ್ಲಿ ಉಳಿಯಲಿಲ್ಲ. ಫೂಟ್ ಕಲೆಹಾಕಿದ ಕಲ್ಲಿನ ಆಯುಧಗಳು ಮದ್ರಾಸಿನ ಮ್ಯೂಸಿಯಂ ಸೇರಿದವು. ಪಿಕ್ಲಿಹಾಳದ ವರದಿ 1960ರಲ್ಲಿ ಅಚ್ಚಾಗುವಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆದರೂ ಅದು ಹೊರಬಂದದ್ದು ಆಂಧ್ರಪ್ರದೇಶ ಸರ್ಕಾರದ ಪ್ರಕಟಣೆಯಾಗಿ, ಇಂಗ್ಲಿಷಿನಲ್ಲಿ. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯ ನಾಲ್ಕು ಸಾವಿರ ವರ್ಷದ ಕಥೆಯನ್ನು ಆ ಹಳ್ಳಿಯ ಹುಡುಗಿ ತನ್ನ ಭಾಷೆಯಲ್ಲಿ ಓದುವುದು ಹೇಗೆ?

ಓದುವ ಮೊದಲೇ ಅಳಿಯುತ್ತಿರುವುದು ಇನ್ನೂ ದೊಡ್ಡ ನಷ್ಟ. ಬೂದಿ ದಿಬ್ಬದ ಬೂದಿ ಒಳ್ಳೆ ಗೊಬ್ಬರ. ಬಂಡಿಗಟ್ಟಲೆ, ಈಗ ಟ್ರ್ಯಾಕ್ಟರುಗಟ್ಟಲೆ ಅದು ಹೊಲಕ್ಕೆ ಹೋಗಿದೆ. ಭತ್ತದ ಗದ್ದೆ ಮಾಡಲು ನೆಲ ಮಟ್ಟ ಮಾಡುವಾಗ ಹಳೆಯ ದಿಬ್ಬ ಅಡ್ಡಿಯಷ್ಟೇ. ಗುಡ್ಡಗಳಿಗೆ ಕ್ವಾರಿಯವರ ಕಣ್ಣು. ಇದರಲ್ಲಿ ರೈತನನ್ನು ದೂರಿ ಫಲವಿಲ್ಲ. ದಿಬ್ಬ ಏನೆಂದು ಅವನಿಗೆ ತಿಳಿಸಬೇಕಾದವರು ತಿಳಿಸಿಲ್ಲ, ಅದನ್ನು ಉಳಿಸಿದರೆ ಅವನಿಗೇನು ಲಾಭ ಎಂಬುದನ್ನೂ ಯಾರೂ ಯೋಚಿಸಿಲ್ಲ.

ಮಾಡಬೇಕಾದ ಕೆಲಸ ಬೆಟ್ಟದಷ್ಟೇನೂ ಇಲ್ಲ. ಮಸ್ಕಿ ಈಗ ತಾಲ್ಲೂಕು ಕೇಂದ್ರ. ಅಲ್ಲಿ ಅಶೋಕನ ಜೊತೆಗೆ ದನಗಾಹಿ, ಒಕ್ಕಲಿಗ, ಕಮ್ಮಾರ, ಗಣಿಗಾರರ ಕಥೆಯನ್ನೂ ಕನ್ನಡದಲ್ಲಿ ಹೇಳುವ ಒಂದು ಸುಸಜ್ಜಿತ ವಸ್ತುಸಂಗ್ರಹಾಲಯ ಬೇಕು. ಇಲ್ಲಿ ಸಿಕ್ಕ ವಸ್ತುಗಳಲ್ಲಿ ಕೆಲವನ್ನಾದರೂ, ಇಲ್ಲವೇ ಅವುಗಳ ಪ್ರತಿರೂಪಗಳನ್ನಾದರೂ ಅಲ್ಲಿಗೆ ತರಬೇಕು. ಪಿಕ್ಲಿಹಾಳ ಮತ್ತು ಮಸ್ಕಿಯ ಉತ್ಖನನ ವರದಿಗಳ ಸಾರ ಕನ್ನಡಕ್ಕೆ ಬರಬೇಕು. ಉಳಿದಿರುವ ಬೂದಿ ದಿಬ್ಬ, ಸಮಾಧಿ, ಬಂಡೆಚಿತ್ರಗಳ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಕೈಯಲ್ಲಿರಬೇಕು. ಕ್ವಾರಿಗೆ ಪರವಾನಗಿ ಕೊಡುವ ಮೊದಲು, ದಿಬ್ಬಕ್ಕೆ ಜೆಸಿಬಿ ಹಚ್ಚುವ ಮೊದಲು ಆ ಪಟ್ಟಿ ನೋಡುವುದು ಕಡ್ಡಾಯವಾಗಬೇಕು. ಸಂಶೋಧಕರ ಜೊತೆ ನಡೆಯುವ ಸ್ಥಳೀಯ ಯುವಕ ಯುವತಿಯರನ್ನು ಬರೀ ಕೂಲಿಯಾಳುಗಳಾಗಿ ಕಾಣದೆ ತರಬೇತಿ ಕೊಟ್ಟು ಈ ನೆಲದ ಕಾವಲುಗಾರರನ್ನಾಗಿ ಮಾಡಬೇಕು. ಪ್ಯೂಬ್ಲೋ ಜನ ತಮ್ಮ ಚರಿತ್ರೆಯನ್ನು ಹೋರಾಡಿ ಕೈಗೆ ತಂದುಕೊಂಡರು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನ ತಮ್ಮ ಚರಿತ್ರೆಯನ್ನು ಕೇಳಿ ಪಡೆಯಬೇಕು. ಕೇಳುವ ಹಕ್ಕು ಅವರಿಗಿದೆ. ಕೇಳುವುದಕ್ಕೆ ಇನ್ನೂ ಒಂದು ತಲೆಮಾರು ಕಾದರೆ, ಕೊಡುವುದಕ್ಕೆ ನೆಲದಲ್ಲಿ ಏನೂ ಉಳಿದಿರುವುದಿಲ್ಲ.